ವಿದ್ಯಾರ್ಥಿಗಳು ಸಿಗರೇಟು ಹಿಡಿಯುವುದೇಕೆ?

(ಕಾಪುವಿನಲ್ಲಿ ನೆರೆದ ಯುವಜನರೆದುರು ಮಾಡಿದ ಭಾಷಣ)



ಕಾಲೇಜು ಹುಡುಗರು ಸಿಗರೇಟು ಸೇದಿ ಕೆಟ್ಟುಹೋಗುತ್ತಿದ್ದಾರೆಂದು ಗೊಣಗುವ ಹಿರಿಯರು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅವರಲ್ಲಿ ಕೆಲವರ ಬಾಯಲ್ಲಿ ಎಲೆಯಡಿಕೆಯ ಜತೆಗೆ ಹೊಗೆಸೊಪ್ಪೂ ಇರುತ್ತದೆ, ಅದಿರಲಿ. ಹುಡುಗ ಮೊದಲನೆಯ ಸಿಗರೇಟನ್ನು ಯಾತಕ್ಕಾಗಿ ಹಚ್ಚುತ್ತಾನೆಂದು ನಾವಿಂದು ಕೇಳೋಣ.

ರುಚಿಗಾಗಿಯಂತೂ ಅಲ್ಲವೇ ಅಲ್ಲ. ಮೊದಲ ದಮ್ಮಿಗೆ ಕೆಮ್ಮು ಬರುತ್ತದೆ, ತಲೆ ಸುತ್ತುತ್ತದೆ. ಪರೀಕ್ಷೆಯ ರಾತ್ರಿ ನಿದ್ದೆಗೆಡಲು ಬೇಕೆಂಬ ಸಬೂಬು ಕೆಲವು ತಿಂಗಳು ಕಳೆದ ಮೇಲಿನದು. ಅಷ್ಟರಲ್ಲಿ ನಿಕೋಟಿನ್ ತನ್ನ ಕೆಲಸ ಮುಗಿಸಿರುತ್ತದೆ.

ಉಡುಪಿಯಲ್ಲಿ ೧೯೪೯ರಲ್ಲಿ, ಮಣಿಪಾಲದಲ್ಲಿ ೧೯೫೩ರಲ್ಲಿ, ಕಾರ್ಕಳದಲ್ಲಿ ೧೯೬೦ರಲ್ಲಿ ಕಾಲೇಜುಗಳು ತೆರೆದವು. ಅವು ಬಂದ ಮೇಲೆ ಸುತ್ತಲಿನ ಹಳ್ಳಿಗಳ ಎಷ್ಟೋ ಮಕ್ಕಳ ಫೀಸು ಹುಟ್ಟಿದ್ದು ಬೀಡಿಯಿಂದ. ತಾಯಿಯೋ ಅಕ್ಕನೋ ಜಗಲಿಯಲ್ಲಿ ಕುಳಿತು, ಗೆರಸೆಯನ್ನು ಮಡಿಲಲ್ಲಿಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುತ್ತಿ, ನೂಲು ಕಟ್ಟಿ ಬ್ರಾಂಚಿಗೆ ಒಯ್ಯುತ್ತಾರೆ. ಸಾವಿರಕ್ಕೆ ಇಷ್ಟೆಂದು ಕೂಲಿ. ಸರಿಯಿಲ್ಲವೆಂದು ತೆಗೆದುಹಾಕಿದ್ದು ಲೆಕ್ಕಕ್ಕಿಲ್ಲ. ಆ ಘಾಟಿನಲ್ಲೇ ಬೆಳೆದ ಹುಡುಗ ಪೇಟೆಗೆ ಬಂದು ಬೀಡಿಯನ್ನು ಮುಟ್ಟುವುದಿಲ್ಲ. ಬೀಡಿ ಕೂಲಿಯವನದು. ದೇಶದ ಮೂಲೆಮೂಲೆಯಿಂದ ಬಂದ ಸಿರಿವಂತರ ಮಕ್ಕಳ ನಡುವೆ ನಿಂತಾಗ ತನ್ನ ಅಂಗಿ, ತನ್ನ ಇಂಗ್ಲಿಷು, ತನ್ನ ಮನೆ ಎಲ್ಲವೂ ಅವನಿಗೆ ನಾಚಿಕೆಯ ವಿಷಯಗಳಾಗುತ್ತವೆ. ಆಗ ಯಾರೋ ಒಬ್ಬ ಪ್ಯಾಕು ಚಾಚುತ್ತಾನೆ. ಒಂದು ಸಿಗರೇಟು ಉರಿಯುವಷ್ಟು ಹೊತ್ತು ಇಬ್ಬರೂ ಸಮಾನರು! ನಮ್ಮಲ್ಲಿ ಕೆಲವರು ಹಚ್ಚಿದ್ದೂ ಹೀಗೆಯೇ. ಬಿಡುವುದಕ್ಕೆ ವರ್ಷಗಳೇ ಹಿಡಿದವು.

ಈ ನಾಚಿಕೆಗೆ ಬೆಲೆಯುಂಟೆಂಬುದನ್ನು ವ್ಯಾಪಾರಿಗಳು ಬಹಳ ಹಿಂದೆಯೇ ಕಂಡುಕೊಂಡರು. ೧೯೨೯ರಲ್ಲಿ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಹೆಣ್ಣುಮಕ್ಕಳು ಸಿಗರೇಟು ಸೇದುತ್ತ ನಡೆಯುವಂತೆ ಏರ್ಪಾಡು ಮಾಡಿದ್ದು ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರತಜ್ಞ. ಅದಕ್ಕೆ ಕೊಟ್ಟ ಹೆಸರು ಸ್ವಾತಂತ್ರ್ಯದ ಪಂಜು. ಹಣ ಸಿಗರೇಟು ಕಂಪೆನಿಯದು. ಅಲ್ಲಿ ಸ್ವಾತಂತ್ರ್ಯವನ್ನು ಮಾರಿದರು, ಇಲ್ಲಿ ದೊಡ್ಡಸ್ತಿಕೆಯನ್ನು ಮಾರುತ್ತಾರೆ.

ಕಾಯಿದೆಗಳೇನೋ ಉಂಟು. ವಿದ್ಯಾಸಂಸ್ಥೆಯಿಂದ ೧೦೦ ಗಜದೊಳಗೆ ಮಾರಬಾರದೆಂದು ೨೦೦೩ರ ಕೇಂದ್ರ ಕಾಯಿದೆ ಹೇಳಿತು. ೨೦೨೫ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ತಿದ್ದುಪಡಿಯು ೨೧ ವರ್ಷ ತುಂಬದವರಿಗೆ ಮಾರುವುದನ್ನೂ ಬಿಡಿಬಿಡಿಯಾಗಿ ಮಾರುವುದನ್ನೂ ನಿಷೇಧಿಸಿತು. ಇದು ಒಳ್ಳೆಯದೇ, ಪ್ಯಾಕು ಕೊಳ್ಳಲಾರದ ಹುಡುಗನಿಗೆ ಚಟ ಅಂಟುವುದು ಒಂದೊಂದು ಸಿಗರೇಟಿನ ದಾರಿಯಿಂದಲೇ. ಆದರೆ ದಂಡ ತೆರುವವನು ಗೂಡಂಗಡಿಯವನು. ದೇಶದ ಅತಿ ದೊಡ್ಡ ಸಿಗರೇಟು ಕಂಪೆನಿಯಾದ ಐ.ಟಿ.ಸಿ.ಯ ದೊಡ್ಡ ಪಾಲುದಾರರಲ್ಲಿ ಸರಕಾರದ ಒಡೆತನದ ಜೀವ ವಿಮಾ ನಿಗಮವೂ ಒಂದು. ಜೀವಕ್ಕೆ ವಿಮೆ ಒಂದು ಕೈಯಲ್ಲಿ, ಹೊಗೆಯ ಲಾಭ ಇನ್ನೊಂದು ಕೈಯಲ್ಲಿ!

ಹುಡುಗರನ್ನು ಬೈದು ಪ್ರಯೋಜನವಿಲ್ಲ. ತಾಯಿಯ ದುಡಿಮೆ ನಾಚಿಕೆಯದಲ್ಲವೆಂದು ಅವರಿಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಹೊಗೆಸೊಪ್ಪು ನಿಲ್ಲಬೇಕೆನ್ನುವ ನಾವು ಆ ತಾಯಿಗೂ ಉತ್ತರ ಕೊಡಬೇಕಾಗುತ್ತದೆ: ನಾಳೆ ಅವಳ ಕೈಗೆ ಯಾವ ಕೆಲಸ? ಬರುವ ಭಾನುವಾರ ಬೀಡಿ ಕಟ್ಟುವವರ ಸಭೆ ಇದೇ ಜಾಗದಲ್ಲಿ ಉಂಟು. ಇದೇ ಅಂದಿನ ವಿಷಯ. ವಿದ್ಯಾರ್ಥಿಗಳು ತಮ್ಮ ತಾಯಂದಿರನ್ನು ಕರೆದುಕೊಂಡೇ ಬರಲಿ.