ನೆರೆಮನೆಯ ಹುಡುಗನಿಗೆ ಎಷ್ಟು ಶಿಕ್ಷೆ?

(ತೋಟ ಕಾರ್ಮಿಕರ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಮೂರು ವಾರಗಳಿಂದ ಹಾಜರಿ ಕರೆಯುವಲ್ಲಿ, ಸೊಪ್ಪು ತೂಗುವ ಶೆಡ್ಡಿನಲ್ಲಿ, ನೀರಿನ ನಲ್ಲಿಯ ಬಳಿಯಲ್ಲಿ ನಡೆಯುತ್ತಿರುವ ಮಾತು ಒಂದೇ. ಹಬ್ಬದ ರಾತ್ರಿ ಜಗಳ ಎದ್ದು, ನಮ್ಮ ಜೊತೆ ದುಡಿಯುತ್ತಿದ್ದ ಒಬ್ಬ ತಮ್ಮ ಗಿಡ ಸವರುವ ಕತ್ತಿಯ ಏಟಿಗೆ ತೀರಿಕೊಂಡ. ಹದಿನೇಳು ವರ್ಷದ ಒಬ್ಬ ಹುಡುಗನನ್ನು ಪೊಲೀಸರು ಕರೆದುಕೊಂಡು ಹೋಗಿದ್ದಾರೆ. ಎರಡು ಮನೆಗಳೂ ಒಂದೇ ಲೈನಿನಲ್ಲಿವೆ. ನಡುವೆ ಇರುವುದು ನಾಲ್ಕೇ ಬಾಗಿಲು. ಒಂದು ಮನೆಯಲ್ಲಿ ಎರಡು ಮಕ್ಕಳನ್ನು ಕಟ್ಟಿಕೊಂಡು ವಿಧವೆ ಕುಳಿತಿದ್ದಾಳೆ. ಇನ್ನೊಂದು ಮನೆಯಲ್ಲಿ ಒಬ್ಬ ತಾಯಿ ಒಲೆ ಹಚ್ಚುವುದನ್ನೇ ಮರೆತಿದ್ದಾಳೆ.

ಹುಡುಗನ ಹೆಸರನ್ನು ನಾನು ಹೇಳುವುದಿಲ್ಲ. ಇಲ್ಲಿರುವವರಿಗೆಲ್ಲ ಅದು ಗೊತ್ತು, ಆದರೂ ಹೇಳುವುದಿಲ್ಲ. 2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಮು ಇಂಥ ಮಗುವಿನ ಹೆಸರು, ವಿಳಾಸ, ಶಾಲೆ ಇವುಗಳನ್ನು ಪತ್ರಿಕೆಯಲ್ಲಾಗಲಿ ಬೇರಾವ ವಿಧದಲ್ಲಾಗಲಿ ಪ್ರಕಟಿಸಬಾರದೆಂದು ಹೇಳುತ್ತದೆ. ಮೀರಿದವರಿಗೆ ಆರು ತಿಂಗಳವರೆಗೆ ಸಜೆ ಆಗಬಹುದು, ಎರಡು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು, ಎರಡೂ ಆಗಬಹುದು. ಆ ಹುಡುಗನ ಫೋಟೋವನ್ನು ಫೋನಿನಿಂದ ಫೋನಿಗೆ ದಾಟಿಸುತ್ತಿರುವ ತಮ್ಮಂದಿರು ದಯವಿಟ್ಟು ಇದನ್ನು ಕೇಳಿಸಿಕೊಳ್ಳಿರಿ.

ನಮ್ಮಲ್ಲಿ ಎರಡು ಪಕ್ಷಗಳಾಗಿವೆ. “ಕೊಂದವನಿಗೆ ವಯಸ್ಸೇನು? ನೇಣಿಗೆ ಹಾಕಬೇಕು” ಎನ್ನುವವರು ಒಂದು ಕಡೆ. “ಮೀಸೆ ಬಾರದ ಹುಡುಗ, ಯಾರೋ ಕುಡಿಸಿ ಕೆಡಿಸಿದರು, ಬಿಟ್ಟುಬಿಡಬೇಕು” ಎನ್ನುವವರು ಇನ್ನೊಂದು ಕಡೆ. ಈ ಎರಡು ಮಾತುಗಳನ್ನೂ ತಕ್ಕಡಿಗೆ ಹಾಕಿ ನೋಡೋಣ.

ಮೊದಲನೆಯದಾಗಿ, ಶಿಕ್ಷೆಯ ಅಳತೆಗಿಂತ ಮುಂಚೆ ಸತ್ಯ ತಿಳಿಯಬೇಕು. ಪೊಲೀಸರು ಹಿಡಿದ ಮಾತ್ರಕ್ಕೆ ಅಪರಾಧ ರುಜುವಾಗುವುದಿಲ್ಲ. 2017ರ ಸೆಪ್ಟೆಂಬರಿನಲ್ಲಿ ಹರಿಯಾಣದ ಗುರುಗ್ರಾಮದ ಒಂದು ಶಾಲೆಯಲ್ಲಿ ಏಳು ವರ್ಷದ ಬಾಲಕನ ಕೊಲೆಯಾಯಿತು. ಅದೇ ದಿನ ಪೊಲೀಸರು ಶಾಲೆಯ ಬಸ್ಸಿನ ಕಂಡಕ್ಟರನನ್ನು ಹಿಡಿದರು. ಅವನೇ ತಪ್ಪು ಒಪ್ಪಿಕೊಂಡಿದ್ದಾನೆಂದರು. ಬಡ ಕೂಲಿಕಾರ, ಮಾತಿಗೆ ಯಾರೂ ಇಲ್ಲ. ದೇಶವೆಲ್ಲ ಅವನನ್ನು ಶಪಿಸಿತು. ಮುಂದೆ ತನಿಖೆ ಸಿ.ಬಿ.ಐ. ಕೈಗೆ ಹೋದಾಗ ಕೊಲೆ ಅವನದಲ್ಲವೆಂದು ಕಂಡಿತು. ನವೆಂಬರಿನಲ್ಲಿ ಅದೇ ಶಾಲೆಯ ಹದಿನಾರು ವರ್ಷದ ಒಬ್ಬ ವಿದ್ಯಾರ್ಥಿಯನ್ನು ವಶಕ್ಕೆ ತೆಗೆದುಕೊಂಡರು. 2018ರ ಫೆಬ್ರವರಿಯಲ್ಲಿ ನ್ಯಾಯಾಲಯವು ಕಂಡಕ್ಟರನನ್ನು ಬಿಡುಗಡೆ ಮಾಡಿತು. ಜನರು ಕೇಳಿದ ನೇಣು ಆ ಮೊದಲ ವಾರದಲ್ಲೇ ಆಗಿದ್ದರೆ ಆ ಮನುಷ್ಯನ ಜೀವವನ್ನು ಯಾರು ತಂದುಕೊಡುತ್ತಿದ್ದರು? ಹಬ್ಬದ ರಾತ್ರಿ ಅಲ್ಲಿ ಐದಾರು ಮಂದಿ ಇದ್ದರು. ಕತ್ತಿ ಯಾರ ಕೈಯಲ್ಲಿತ್ತು, ಮೊದಲು ಎತ್ತಿದವರು ಯಾರು, ಕುಡಿಸಿದವರು ಯಾರು ಎಂಬುದನ್ನು ಕಂಡವರು ಕಂಡಂತೆ ಹೇಳಬೇಕು. ದೊಡ್ಡವರು ತಪ್ಪಿಸಿಕೊಂಡು ಚಿಕ್ಕವನ ತಲೆಗೆ ಕಟ್ಟುವುದೂ ಅನ್ಯಾಯ. ಚಿಕ್ಕವನನ್ನು ಉಳಿಸಲು ಇಲ್ಲದ ಸಾಕ್ಷಿ ನುಡಿಯುವುದೂ ಅನ್ಯಾಯ.

ಎರಡನೆಯದಾಗಿ, ಕಾನೂನು ಏನು ಹೇಳುತ್ತದೆಂದು ತಿಳಿಯೋಣ. ಹದಿನೆಂಟು ತುಂಬದವರು ಕಾನೂನಿನ ಕಣ್ಣಿಗೆ ಮಕ್ಕಳು. ಅಂಥವರನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದು. ಇಪ್ಪತ್ತನಾಲ್ಕು ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಸೇವಕರೂ ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸು ಇರಬೇಕು. ತಂದೆತಾಯಿಗೆ ಸುದ್ದಿ ಕೊಡಬೇಕು. ಪ್ರೊಬೇಷನ್ ಅಧಿಕಾರಿಯು ಹುಡುಗನ ಮನೆ, ಶಾಲೆ, ಸಹವಾಸ ಎಲ್ಲವನ್ನೂ ವಿಚಾರಿಸಿ ವರದಿ ಕೊಡಬೇಕು. ಆ ಅಧಿಕಾರಿ ಲೈನಿಗೆ ಬಂದಾಗ ಬಾಗಿಲು ಹಾಕಿಕೊಳ್ಳಬೇಡಿರಿ. ನೀವು ಹೇಳುವ ಮಾತು ಶಿಕ್ಷೆಯ ಅಳತೆಗೆ ಬರುತ್ತದೆ.

ಸಾಧಾರಣವಾಗಿ ಮಂಡಳಿಯು ಕೊಡಬಹುದಾದ ಅತಿ ಹೆಚ್ಚಿನ ಆಜ್ಞೆ ವಿಶೇಷ ಗೃಹದಲ್ಲಿ ಮೂರು ವರ್ಷ. ಇದನ್ನು ಕೇಳಿ ಅನೇಕರಿಗೆ ಕೋಪ ಬರುತ್ತದೆ. ಈ ಕೋಪಕ್ಕೆ ಒಂದು ಚರಿತ್ರೆ ಇದೆ. 2012ರ ಡಿಸೆಂಬರಿನಲ್ಲಿ ದಿಲ್ಲಿಯ ಬಸ್ಸಿನಲ್ಲಿ ಒಬ್ಬ ವಿದ್ಯಾರ್ಥಿನಿಯ ಮೇಲೆ ನಡೆದ ಘೋರ ಕೃತ್ಯ ನಿಮಗೆ ನೆನಪಿದೆ. ಆರು ಮಂದಿ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಲು ಕೆಲವು ತಿಂಗಳು ಬಾಕಿ ಇದ್ದವು. ಅವನಿಗೆ 2013ರಲ್ಲಿ ಮೂರು ವರ್ಷದ ಆಜ್ಞೆಯಾಗಿ 2015ರ ಡಿಸೆಂಬರಿನಲ್ಲಿ ಅವನು ಹೊರಗೆ ಬಂದನು. ಒಬ್ಬ ಆರೋಪಿ ಜೈಲಿನಲ್ಲೇ ಸತ್ತನು. ಉಳಿದ ನಾಲ್ವರನ್ನು 2020ರ ಮಾರ್ಚ್ 20ರಂದು ಗಲ್ಲಿಗೇರಿಸಿದರು. ಮಕ್ಕಳೆಂದು ಎಣಿಸುವ ವಯಸ್ಸನ್ನು ಇಳಿಸುವುದು ಬೇಡವೆಂದು ನ್ಯಾಯಮೂರ್ತಿ ವರ್ಮಾ ಸಮಿತಿಯು 2013ರಲ್ಲೇ ಹೇಳಿತ್ತು. ಆದರೂ ಜನರ ಒತ್ತಾಯದಿಂದ 2015ರಲ್ಲಿ ಹೊಸ ಕಾಯಿದೆ ಬಂದಿತು. ಅದರ ಪ್ರಕಾರ ಹದಿನಾರು ದಾಟಿದ ಹುಡುಗನ ಮೇಲೆ ಘೋರ ಅಪರಾಧದ, ಅಂದರೆ ಕಡಿಮೆಯೆಂದರೂ ಏಳು ವರ್ಷ ಶಿಕ್ಷೆ ಇರುವ ಅಪರಾಧದ ಆರೋಪ ಬಂದರೆ, ಮಂಡಳಿಯು ಮೂರು ತಿಂಗಳೊಳಗೆ ಪರಿಶೀಲನೆ ಮಾಡಬೇಕು. ಆ ಕೃತ್ಯ ಮಾಡುವಷ್ಟು ದೇಹಬಲ ಮನೋಬಲ ಅವನಿಗಿತ್ತೇ? ಅದರ ಫಲವೇನೆಂದು ಅರಿಯುವ ಶಕ್ತಿ ಇತ್ತೇ? ಅದು ಯಾವ ಸನ್ನಿವೇಶದಲ್ಲಿ ನಡೆಯಿತು? ಇವನ್ನು ನೋಡಿ, ಬೇಕೆಂದು ಕಂಡರೆ ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಇದು ಸೂಕ್ಷ್ಮವಾದ ಕೆಲಸ, ಮನಶ್ಶಾಸ್ತ್ರ ಬಲ್ಲವರ ಸಹಾಯ ಬೇಕೆಂದು ಸುಪ್ರೀಂ ಕೋರ್ಟು 2022ರ ಜುಲೈನಲ್ಲಿ ಗುರುಗ್ರಾಮದ ಅದೇ ಮೊಕದ್ದಮೆಯಲ್ಲಿ ಹೇಳಿದೆ.

ಅಲ್ಲಿಗೆ ಒಪ್ಪಿಸಿದರೂ ಗಲ್ಲು ಇಲ್ಲ. ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಇಲ್ಲ. ಇಪ್ಪತ್ತೊಂದು ತುಂಬುವ ತನಕ ಸುರಕ್ಷಾ ಸ್ಥಳದಲ್ಲಿ ಇಡಬೇಕು. ಆಮೇಲೆ ಅವನು ಬದಲಾಗಿದ್ದಾನೋ ಇಲ್ಲವೋ ಎಂದು ನೋಡಿ, ಬಿಡುಗಡೆ ಮಾಡಬಹುದು, ಇಲ್ಲವೆ ಉಳಿದ ಅವಧಿಗೆ ಜೈಲಿಗೆ ಕಳುಹಿಸಬಹುದು. ಆದುದರಿಂದ “ನೇಣು” ಎಂದು ಕೂಗುವವರೂ “ಮೂರು ವರ್ಷ ಕಳೆದರೆ ಮುಗಿಯಿತು” ಎನ್ನುವವರೂ ಕಾನೂನನ್ನು ಸರಿಯಾಗಿ ತಿಳಿದಿಲ್ಲ. ಇನ್ನೊಂದು ವಿಷಯ. ಈ ಸಾವು ಬೇಕೆಂದು ಮಾಡಿದ ಕೊಲೆಯೋ, ಜಗಳದ ಭರದಲ್ಲಿ ಆದ ನರಹತ್ಯೆಯೋ ಎಂಬುದರ ಮೇಲೆ ದಾರಿಯೇ ಬೇರೆಯಾಗುತ್ತದೆ. ಕನಿಷ್ಠ ಏಳು ವರ್ಷದ ಶಿಕ್ಷೆ ಇಲ್ಲದ ಅಪರಾಧಗಳನ್ನು ಘೋರವೆಂದು ಎಣಿಸಬಾರದೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಮಾನಿಸಿದೆ.

ಮೂರನೆಯದಾಗಿ ವಯಸ್ಸಿನ ದಾಖಲೆ. ಇದು ನಮ್ಮಂಥವರಿಗೆ ಬಹಳ ಮುಖ್ಯ. 1994ರಲ್ಲಿ ಪುಣೆಯಲ್ಲಿ ನಡೆದ ಏಳು ಜನರ ಕೊಲೆಗಾಗಿ ರಾಜಸ್ಥಾನದ ಒಬ್ಬನಿಗೆ ಮರಣದಂಡನೆ ಆಯಿತು. ಕೋರ್ಟಿನ ಕಾಗದಗಳಲ್ಲಿ ಅವನು ದೊಡ್ಡವನೆಂದೇ ಇತ್ತು. ಕೊನೆಗೆ ಅವನ ಊರಿನ ಶಾಲೆಯ ರಿಜಿಸ್ಟರು ಸಿಕ್ಕಿತು. ಕೃತ್ಯ ನಡೆದಾಗ ಅವನಿಗೆ ಹನ್ನೆರಡೂವರೆ ವರ್ಷ! 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅವನನ್ನು ಬಿಡುಗಡೆ ಮಾಡಿತು. ಹೆಚ್ಚೆಂದರೆ ಮೂರು ವರ್ಷ ಇರಬೇಕಾದವನು ಇಪ್ಪತ್ತೆಂಟು ವರ್ಷ ಒಳಗಿದ್ದನು. ಶಾಲೆಯ ಒಂದು ಸಾಲಿನ ಬರಹ ಒಂದು ಪ್ರಾಣವನ್ನು ಉಳಿಸಿತು.

ನಮ್ಮ ಮಕ್ಕಳ ಗತಿ ನೋಡಿರಿ. ಹೆರಿಗೆಗೆ ತಾಯಿ ಚಾಮರಾಜನಗರದ ಕಡೆಯ ತವರಿಗೆ ಹೋಗುತ್ತಾಳೆ. ಮಗು ಶಾಲೆಗೆ ಸೇರುವುದು ಗೂಡಲೂರಿನ ಕಡೆ. ಅಲ್ಲಿ ಹೆಸರು ಕನ್ನಡದಲ್ಲಿ ಒಂದು ಬಗೆ, ಇಲ್ಲಿ ತಮಿಳಿನಲ್ಲೋ ಮಲಯಾಳದಲ್ಲೋ ಇನ್ನೊಂದು ಬಗೆ. ಹುಟ್ಟಿದ ದಿನವನ್ನು ಅಂದಾಜಿನಿಂದ ಬರೆಸಿದವರೂ ಇದ್ದಾರೆ. ಕಾನೂನು ಮೊದಲು ಶಾಲೆಯ ಜನನ ದಿನಾಂಕದ ಪ್ರಮಾಣಪತ್ರ ಅಥವಾ ಹತ್ತನೆಯ ತರಗತಿಯ ಸರ್ಟಿಫಿಕೇಟನ್ನು ನೋಡುತ್ತದೆ. ಅದಿಲ್ಲವಾದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರವನ್ನು. ಎರಡೂ ಇಲ್ಲದಾಗ ಮಾತ್ರ ಮೂಳೆಯ ಪರೀಕ್ಷೆ. ಆ ಪರೀಕ್ಷೆಯಲ್ಲಿ ಒಂದೆರಡು ವರ್ಷ ಹೆಚ್ಚು ಕಡಿಮೆ ಆಗಬಹುದು. ಹದಿನೇಳರ ಹುಡುಗನಿಗೆ ಅದೇ ದೊಡ್ಡ ವ್ಯತ್ಯಾಸ. ಟ್ರಂಕಿನ ಅಡಿಯಲ್ಲಿರುವ ಕಾಗದಗಳನ್ನು ಇಂದು ರಾತ್ರಿಯೇ ತೆಗೆದು ನೋಡಿರಿ.

ಇನ್ನು ನಿಜವಾದ ಪ್ರಶ್ನೆಗೆ ಬರುತ್ತೇನೆ. ಕಳೆದ ವಾರ ಸತ್ತವನ ಅಣ್ಣ ನನ್ನನ್ನು ಕೇಳಿದರು: “ಕೊಂದವನು ಹುಡುಗನಾದರೆ ನನ್ನ ತಮ್ಮ ಸತ್ತದ್ದು ಕಡಿಮೆಯಾಯಿತೇ?” ಇಲ್ಲ. ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಇದನ್ನು ಒಪ್ಪದೆ ದಯೆಯ ಮಾತಾಡುವವನು ಆ ವಿಧವೆಯ ಮುಖ ನೋಡಿ ಮಾತಾಡಲಾರನು. ಆದರೆ ಶಿಕ್ಷೆಯು ಆದ ನಷ್ಟವನ್ನು ಮಾತ್ರ ಅಳೆಯುವುದಿಲ್ಲ. ಮಾಡಿದವನ ತಿಳಿವಳಿಕೆಯನ್ನೂ ಅಳೆಯುತ್ತದೆ. ಹದಿನೇಳರ ಹುಡುಗನಿಗೆ ನಾವು ಓಟು ಕೊಡುವುದಿಲ್ಲ, ಲಾರಿ ಓಡಿಸಲು ಬಿಡುವುದಿಲ್ಲ, ಮದುವೆ ಮಾಡುವುದಿಲ್ಲ. ಬುದ್ಧಿ ಬಲಿತಿಲ್ಲವೆನ್ನುತ್ತೇವೆ. ಗೆಳೆಯರ ಮುಂದೆ ಹೇಡಿ ಎನಿಸಿಕೊಳ್ಳಬಾರದೆಂಬ ಹಟ ಆ ವಯಸ್ಸಿನಲ್ಲಿ ಎಷ್ಟು ಬಲವಾಗಿರುತ್ತದೆಂದು ಗಂಡು ಮಕ್ಕಳನ್ನು ಸಾಕಿದವರು ಬಲ್ಲರು. ಎಳೆಯ ಗಿಡ ವಕ್ರವಾದರೆ ಕಟ್ಟಿ ನೆಟ್ಟಗೆ ಮಾಡುತ್ತೇವೆ. ಬುಡಕ್ಕೆ ಕತ್ತಿ ಹಾಕುವುದಿಲ್ಲ. ಆದರೆ ಕಟ್ಟುವುದನ್ನಂತೂ ಬಿಡುವುದಿಲ್ಲ. ಏನೂ ಶಿಕ್ಷೆಯಿಲ್ಲದೆ ಮನೆಗೆ ಕಳುಹಿಸಿದರೆ ತಾನು ಮಾಡಿದ್ದು ಏನೆಂದು ಆ ಹುಡುಗನಿಗೂ ತಿಳಿಯಲಾರದು.

“ಶ್ರೀಮಂತರ ಮಗನಾಗಿದ್ದರೆ?” ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ಬೆಲೆಬಾಳುವ ಕಾರು ಬಡಿದು ಇಬ್ಬರು ಯುವ ಎಂಜಿನಿಯರರು ಸತ್ತರು. ಅವನಿಗೆ ಕೆಲವೇ ಗಂಟೆಗಳಲ್ಲಿ ಜಾಮೀನು ಸಿಕ್ಕಿತು. ರಸ್ತೆ ಅಪಘಾತದ ಬಗ್ಗೆ ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂಬುದು ಒಂದು ಷರತ್ತು. ರಕ್ತದ ಮಾದರಿಯನ್ನು ಬದಲಾಯಿಸಿದರೆಂಬ ಆರೋಪದ ಮೇಲೆ ಅವನ ತಂದೆತಾಯಿಯೂ ವೈದ್ಯರೂ ಬಂಧಿತರಾದರು. ಅವನನ್ನು ದೊಡ್ಡವನಂತೆ ವಿಚಾರಿಸಬೇಕೆಂಬ ಪೊಲೀಸರ ಕೋರಿಕೆಯನ್ನು 2025ರ ಜುಲೈನಲ್ಲಿ ಮಂಡಳಿಯು ತಳ್ಳಿಹಾಕಿತು. ನಮಗೆ ಇಲ್ಲಿ ಸಿಟ್ಟು ಬರುವುದು ನ್ಯಾಯವೇ. ಆದರೆ ಸಿಟ್ಟು ಯಾವುದರ ಮೇಲೆ ಇರಬೇಕು? ಮಗುವನ್ನು ಮಗುವೆಂದು ನೋಡುವ ಕಾನೂನಿನ ಮೇಲೆ ಅಲ್ಲ. ಹಣವುಳ್ಳವನಿಗೆ ತಟಕ್ಕನೆ ತೆರೆಯುವ ಬಾಗಿಲು ಕೂಲಿಕಾರನ ಮಗನಿಗೆ ತಿಂಗಳುಗಟ್ಟಲೆ ತೆರೆಯದೆ ಇರುವುದರ ಮೇಲೆ. ಶ್ರೀಮಂತನ ಮಗನಿಗೆ ಕಠಿಣ ಶಿಕ್ಷೆ, ನಮ್ಮವನಿಗೆ ಬಿಡುಗಡೆ ಎಂದು ಕೇಳಿದರೆ ನಮ್ಮ ತಕ್ಕಡಿಯಲ್ಲೂ ಕಳ್ಳತೂಕ ಬಂದಂತೆ. ಸೊಪ್ಪಿನ ತೂಕದಲ್ಲಿ ಅರ್ಧ ಕಿಲೋ ಹೋದರೂ ಜಗಳ ಮಾಡುವವರು ನಾವು. ನ್ಯಾಯದ ತೂಕವೂ ಸರಿಯಾಗಿರಬೇಕು.

ಶಾಸ್ತ್ರವನ್ನು ಬಲ್ಲ ನಮಗೆ ಇದು ಹೊಸದಲ್ಲ. ಮೊದಲನೆಯ ಕೊಲೆಗಾರನಾದ ಕಾಯಿನನಿಗೆ ಶಿಕ್ಷೆಯಾಯಿತು, ಆದರೆ ಕಂಡವರು ಅವನನ್ನು ಕೊಲ್ಲದಂತೆ ಅವನ ಮೇಲೆ ಗುರುತನ್ನೂ ಇಟ್ಟನು ದೇವರು. ಇಸ್ರಾಯೇಲ್ಯರಿಗೆ ಆರು ಆಶ್ರಯನಗರಗಳಿದ್ದವು. ಸಭೆಯ ಮುಂದೆ ವಿಚಾರಣೆ ಆಗುವ ತನಕ ಸೇಡಿನ ಕೈ ಅಲ್ಲಿ ಮುಟ್ಟುವಂತಿರಲಿಲ್ಲ. ಬೇಕೆಂದೇ ಕೊಂದವನಿಗೆ ಅಲ್ಲಿ ಶಾಶ್ವತವಾದ ಆಶ್ರಯವೂ ಇರಲಿಲ್ಲ. ಅಂದರೆ, ವಿಚಾರಣೆಗೆ ಮುಂಚೆ ರಕ್ಷಣೆ, ವಿಚಾರಣೆಯ ಮೇಲೆ ಅಳತೆ.

ಕೊನೆಯದಾಗಿ, ನಮ್ಮ ಕೈಯಲ್ಲಿ ಏನಿದೆ? ಮೊದಲು ಸತ್ತವನ ಮನೆ. ಹುಡುಗನ ಚರ್ಚೆಯಲ್ಲಿ ಆ ವಿಧವೆಯನ್ನು ನಾವು ಮರೆಯುತ್ತಿದ್ದೇವೆ. ಸಂತ್ರಸ್ತರ ಪರಿಹಾರಕ್ಕಾಗಿ ಆಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಆದುದರಿಂದ ಆ ವಿಧವೆಗೂ ಈ ಹುಡುಗನಿಗೂ ಈ ಹಕ್ಕು ಇದೆ. 15100 ಎಂಬ ನಂಬರಿಗೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಅರ್ಜಿ ಬರೆಯಬಲ್ಲವರು ನಾಳೆ ಕೆಲಸ ಮುಗಿದ ಮೇಲೆ ಆಕೆಯ ಮನೆಗೆ ಹೋಗಿರಿ. ಆ ಎರಡು ಮಕ್ಕಳ ಶಾಲೆ ನಿಲ್ಲಬಾರದು.

ಆಮೇಲೆ ಹುಡುಗನ ಮನೆ. ಆ ತಾಯಿ ಕೆಲಸಕ್ಕೆ ಬಂದಾಗ ಪಕ್ಕದ ಸಾಲಿನಲ್ಲಿ ಸೊಪ್ಪು ಕೀಳಲು ಇಬ್ಬರು ಒಪ್ಪಲಿಲ್ಲವೆಂದು ಕೇಳಿದೆನು. ಆಕೆಯ ಕೈಯಲ್ಲಿ ಕತ್ತಿ ಇರಲಿಲ್ಲ. ಅವನ ತಂಗಿ ಯಾರ ಪಾಪವನ್ನೂ ಹೊತ್ತಿಲ್ಲ. ಅವರನ್ನು ಲೈನಿನಿಂದ ಓಡಿಸಬೇಕೆಂಬ ಮಾತು ನಿಲ್ಲಬೇಕು.

ಮೂರನೆಯದು ಉಳಿದ ಹುಡುಗರು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯು ಶಿಶುವಿಹಾರದ ಮಾತು ಹೇಳಿತ್ತು, ಆರರಿಂದ ಹನ್ನೆರಡು ವರ್ಷದ ಮಕ್ಕಳ ಶಾಲೆಯ ಮಾತು ಹೇಳಿತ್ತು. ಹನ್ನೆರಡು ದಾಟಿದ ಹುಡುಗ ಯಾರ ಲೆಕ್ಕದಲ್ಲಿ? ಹೈಸ್ಕೂಲಿಗೆ ಬಸ್ಸು ಸಿಗದೆ ಬಿಟ್ಟವನು, ಹದಿನೆಂಟು ತುಂಬದೆ ಖಾಯಂ ಕೆಲಸವೂ ಸಿಗದವನು, ಸಂಜೆಯ ಹೊತ್ತು ಬಂಗಲೆ ದಾರಿಯ ಮೋರಿಯ ಮೇಲೆ ಕುಳಿತಿರುತ್ತಾನೆ. ಅವನ ಕೈಗೆ ಮೊದಲು ಬಾಟ್ಲಿ ಕೊಡುವವರು ನಮ್ಮಲ್ಲೇ ದೊಡ್ಡವರು. ಹಬ್ಬದ ದಿನ ಹುಡುಗರಿಗೆ ಕುಡಿಸುವುದು ತಮಾಷೆಯಲ್ಲವೆಂದು ಇನ್ನಾದರೂ ತಿಳಿಯೋಣ. ಹದಿನೆಂಟು ತುಂಬದವರಿಗೆ ಸಾರಾಯಿ ಕೊಡುವುದೂ ಇದೇ ಬಾಲನ್ಯಾಯ ಕಾಯಿದೆಯಡಿ ಏಳು ವರ್ಷದವರೆಗೆ ಸಜೆಯಾಗಬಹುದಾದ ಅಪರಾಧ. ಕೆಲಸದ ಕತ್ತಿಗಳು ಹಬ್ಬದ ರಾತ್ರಿ ಮನೆಯೊಳಗೆ ಇರಲಿ.

ಎಷ್ಟು ವರ್ಷವೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ, ನಿಮ್ಮ ಕೆಲಸವೂ ಅಲ್ಲ. ಅದನ್ನು ಸಾಕ್ಷಿ ಕೇಳಿದವರು ಮಾಡಲಿ. ಆದರೆ ಶಿಕ್ಷೆ ಮುಗಿಸಿ ಅವನು ಒಂದು ದಿನ ಈ ಲೈನಿಗೇ ಬರುತ್ತಾನೆ. ಅಂದು ಅವನು ಆ ವಿಧವೆಯ ಬಾಗಿಲನ್ನು ದಾಟಿಯೇ ತನ್ನ ಬಾಗಿಲಿಗೆ ಹೋಗಬೇಕು. ಅವನು ತಲೆತಗ್ಗಿಸಿ, ತಪ್ಪನ್ನು ಅರಿತು, ಕೈಯಲ್ಲಿ ಒಂದು ಕಸುಬನ್ನು ಕಲಿತು ಬರಬೇಕೋ, ಅಥವಾ ಇನ್ನೂ ಕಲ್ಲಾಗಿ ಬರಬೇಕೋ? ನ್ಯಾಯವಾದ ಶಿಕ್ಷೆ ಯಾವುದೆಂದು ಕೇಳುವಾಗ ಆ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಾಳೆ ಸಂಜೆ ಎರಡು ಮನೆಗಳಿಗೂ ಹೋಗುವವರು ಈಗಲೇ ಹೆಸರು ಕೊಡಿರಿ.