ಐಪಿ ವಿಳಾಸದ ಬೆನ್ನು ಹತ್ತಿ



ಬಿ.ಇ. ಓದಿ ಏನು ಕೆಲಸ ಮಾಡುತ್ತೀಯ ಎಂದು ಇಲ್ಲಿ ಬಂದಾಗಲೆಲ್ಲ ಕೇಳುತ್ತೀರಿ. ರಾತ್ರಿ ಗಸ್ತು ಎನ್ನಿ. ನಮ್ಮ ಕಂಪನಿಯ ಸರ್ವರ್ ಬಾಗಿಲನ್ನು ಯಾರೋ ಸುಳ್ಳು ಪಾಸ್‌ವರ್ಡ್ ಹಾಕಿ ತಟ್ಟುತ್ತಲೇ ಇರುತ್ತಾರೆ. ತಟ್ಟಿದ ಐಪಿ ವಿಳಾಸ ದಾಖಲಾಗುತ್ತದೆ. ಅದು ಯಾವ ಇಂಟರ್ನೆಟ್ ಕಂಪನಿಯದೆಂದು ಹುಡುಕಿ, ದಿನಾಂಕ, ಸಮಯ ಸಮೇತ ಅವರಿಗೆ ದೂರು ಬರೆಯುತ್ತೇನೆ. ಭಾರತೀಯ ಕಾಲಮಾನ ಎಂದು ನಮೂದಿಸುವುದನ್ನು ಮರೆತರೆ ದೂರು ವ್ಯರ್ಥ!

ಮೊದಮೊದಲು ವಿಳಾಸ ಸಿಕ್ಕರೆ ಕಳ್ಳನೇ ಸಿಕ್ಕ ಎಂದುಕೊಳ್ಳುತ್ತಿದ್ದೆ. ಒಮ್ಮೆ ಹಾಗೆ ಒಂದು ವಿಳಾಸವನ್ನು ಪೂರ್ತಿ ತಡೆದೆ. ಬೆಳಿಗ್ಗೆ ನಮ್ಮ ಗ್ರಾಹಕರೇ ಫೋನ್ ಮಾಡಿ ಬೈಯತೊಡಗಿದರು. ಹಳೆಯ ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಸಾಲದೆ ಮೊಬೈಲ್ ಕಂಪನಿಗಳು ಒಂದನ್ನೇ ಬಹಳ ಜನರಿಗೆ ಹಂಚುತ್ತವೆ. ಒಬ್ಬನ ತಪ್ಪಿಗೆ ಇಡೀ ಕೇರಿಗೆ ಬೀಗ ಹಾಕಿದ್ದೆ.

ಎಷ್ಟೋ ಸಲ ತಟ್ಟುವುದು ಯಾರದೋ ಮನೆಯ ಕ್ಯಾಮೆರಾ. 2016ರ ‘ಮಿರಾಯ್’ ಹಾವಳಿಯಲ್ಲಿ, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ, ರೌಟರ್‌ಗಳು ಲಕ್ಷಗಟ್ಟಲೆ ಕಳ್ಳರ ವಶವಾದವು. ಮಾಲೀಕರಿಗೆ ಸುಳಿವೇ ಇರಲಿಲ್ಲ. ಹಾಗಾಗಿ ಈಗ ‘ನಿಮ್ಮ ಗ್ರಾಹಕ ಕಳ್ಳ’ ಎಂದು ಬರೆಯುವುದಿಲ್ಲ, ‘ಅವರ ಉಪಕರಣ ನೋಡಿ’ ಎನ್ನುತ್ತೇನೆ.

ನಮ್ಮ ಶಾಲೆಗೂ ಕ್ಯಾಮೆರಾ ಬಂದಿರುವುದನ್ನು ಗೇಟಿನಲ್ಲೇ ಗಮನಿಸಿದೆ. ಮುಖ್ಯೋಪಾಧ್ಯಾಯರು ಒಪ್ಪಿದರೆ ಊಟಕ್ಕೆ ಮುಂಚೆ ಅದರ ಪಾಸ್‌ವರ್ಡ್ ಬದಲಿಸಿಕೊಡುತ್ತೇನೆ.