ಬೀಳುವ ಲ್ಯಾಪ್‌ಟಾಪ್ ಮತ್ತು 390 ಮಿಲಿಸೆಕೆಂಡ್

75 ಸೆಂಟಿಮೀಟರ್ ಎತ್ತರದ ಮೇಜಿನಿಂದ ಜಾರಿದ ಲ್ಯಾಪ್‌ಟಾಪ್ ನೆಲ ಮುಟ್ಟಲು ಸುಮಾರು 390 ಮಿಲಿಸೆಕೆಂಡ್ ಬೇಕು. ಮನುಷ್ಯನ ಕೈ ಚಾಚುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆದರೆ ಯಂತ್ರಕ್ಕೆ ಇಷ್ಟು ಹೊತ್ತು ಸಿಕ್ಕರೂ ಏನಾದರೂ ಮಾಡಬಹುದು.

ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಹೆಡ್ ತೇಲುತ್ತಿರುತ್ತದೆ. ಬಿದ್ದ ಪೆಟ್ಟಿನಿಂದ ಅದು ತಟ್ಟೆಗೆ ತಗುಲಿದರೆ ಲೇಪನ ಗೀಚಿಹೋಗುತ್ತದೆ, ಅಲ್ಲಿ ಬರೆದಿದ್ದ ಮಾಹಿತಿಯೂ ಹೋಗುತ್ತದೆ. ಹಾಗಾಗಿ ಬೀಳುತ್ತಿರುವಾಗಲೇ ಹೆಡ್ಡನ್ನು ತಟ್ಟೆಯಿಂದ ಆಚೆ ಸರಿಸಿ ನಿಲ್ಲಿಸಬೇಕು.

2003ರಲ್ಲಿ ಐಬಿಎಂ ತನ್ನ ಥಿಂಕ್‌ಪ್ಯಾಡ್‌ಗಳಿಗೆ ಚಲನೆ ಅಳೆಯುವ ಸೆನ್ಸರ್ ಕೂರಿಸಿತು. ಲಿನಕ್ಸ್ ಆ ಸೆನ್ಸರನ್ನು ಓದಲು ಕಲಿತದ್ದು 2005ರಲ್ಲಿ, ಅದರ ತಿರುಳಾದ ಕರ್ನಲ್‌ನ 2.6.14 ಆವೃತ್ತಿಗೆ ಎಚ್‌ಡಿಎಪಿಎಸ್ ಡ್ರೈವರ್ ಸೇರಿದಾಗ. ಆ ಡ್ರೈವರ್ ಸೆನ್ಸರನ್ನು ಜಾಯ್‌ಸ್ಟಿಕ್ಕಿನಂತೆಯೂ ತೋರಿಸುತ್ತಿದ್ದುದರಿಂದ ಲ್ಯಾಪ್‌ಟಾಪನ್ನೇ ವಾಲಿಸಿ ಆಟ ಆಡಬಹುದಿತ್ತು! ಆದರೆ ಹೆಡ್ ನಿಲ್ಲಿಸುವ ಸೌಲಭ್ಯ ಅಧಿಕೃತ ಕರ್ನಲ್‌ಗೆ ಬಂದದ್ದು 2008ರ ಡಿಸೆಂಬರ್‌ನಲ್ಲಿ, 2.6.28ರ ಜೊತೆಗೆ.

ಅಷ್ಟಾದರೂ ಕರ್ನಲ್ ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ. ಅನ್‌ಲೋಡ್ ಹೆಡ್ಸ್ ಎಂಬ ಕಡತಕ್ಕೆ 1000 ಎಂದು ಬರೆದರೆ ಹೆಡ್ ಒಂದು ಸೆಕೆಂಡ್ ಪಕ್ಕದಲ್ಲಿ ನಿಲ್ಲುತ್ತದೆ. ಒಮ್ಮೆಗೆ ಗರಿಷ್ಠ 30 ಸೆಕೆಂಡ್. ಅದನ್ನು ಬರೆಯುವವರು ಯಾರು? ಎಚ್‌ಡಿಎಪಿಎಸ್‌ಡಿ ಎಂಬ ಪುಟ್ಟ ಪ್ರೋಗ್ರಾಂ. ಹಿನ್ನೆಲೆಯಲ್ಲಿ ಕೂತು ಸೆನ್ಸರ್ ನೋಡುತ್ತಲೇ ಇರುವುದು ಅದರ ಕೆಲಸ. ಅದು ತನ್ನನ್ನು ಪೂರ್ತಿ ಮೆಮೊರಿಯಲ್ಲೇ ಬೀಗ ಹಾಕಿಕೊಂಡು ಕೂರುತ್ತದೆ. ಇಲ್ಲದಿದ್ದರೆ ಬೀಳುವ ಹೊತ್ತಿಗೆ ಅದರ ಒಂದು ತುಣುಕು ಡಿಸ್ಕಿನ ಮೇಲಿನ ಸ್ವಾಪ್ ಜಾಗದಲ್ಲಿ ಇರಬಹುದು, ಅದನ್ನು ತರಲು ಅದೇ ಡಿಸ್ಕಿಗೆ ಕೈ ಹಾಕಬೇಕಾಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಜಾಣ ಯೋಚನೆ ಇದೇ.

ಎಚ್‌ಪಿಯ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಕೆಲಸ ಇನ್ನೂ ಹಗುರ. ಬೀಳುವಿಕೆಯನ್ನು ಸೆನ್ಸರೇ ಗುರುತಿಸಿ ಎಚ್ಚರಿಸುತ್ತದೆ, ಪ್ರೋಗ್ರಾಂ ಆ ಕರೆಗೆ ಕಾದರೆ ಸಾಕು.

ಈ ಪ್ರೋಗ್ರಾಂ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ, ಬಳಕೆದಾರರೇ ಹಾಕಿಕೊಳ್ಳಬೇಕು. ಡ್ರೈವರ್ ಇದೆಯೆಂದು ನಿಶ್ಚಿಂತರಾಗಿರುವವರಿಗೆ ನಿಜಕ್ಕೂ ರಕ್ಷಣೆಯಿಲ್ಲ. ಇದು ದೊಡ್ಡ ಕೊರತೆಯೇ. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಇದ್ದವರಿಗೆ ಈ ಚಿಂತೆ ಬೇಡ. ಹಳೆಯ ಥಿಂಕ್‌ಪ್ಯಾಡಿನಲ್ಲಿ ಇನ್ನೂ ಹಾರ್ಡ್ ಡಿಸ್ಕ್ ಓಡಿಸುವವರು ಎಚ್‌ಡಿಎಪಿಎಸ್‌ಡಿ ಶುರು ಮಾಡಿ, ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ, ಹೆಡ್ ನಿಂತ ಸುದ್ದಿ ಲಾಗ್‌ನಲ್ಲಿ ಬಂತೇ ಎಂದು ನೋಡಿಕೊಳ್ಳಬಹುದು.